ಆರು ಕಾಲಿನ ನಾಯಿ

ಮಕ್ಕಳು ಕೈಕೆಲಸಕ್ಕೆ ಕುಳಿತರೆ ಲೋಸೆಲಿ ದೊಡ್ಡಮ್ಮ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಕೈ ಮುಂದಿದ್ದರೆ ಅದು ತಾನಾಗಿಯೇ ಮಗುವಿನ ಕೆಲಸಕ್ಕೆ ಹೋಗಿಬಿಡುತ್ತದೆ ಎಂಬ ಭಯ ಅವಳಿಗೆ. ಅಂಟು ಮೂಗಿಗೆ ಮೆತ್ತಿಕೊಳ್ಳಲಿ, ಎಲೆ ಅಡ್ಡಡ್ಡ ಹರಿಯಲಿ, ಅವಳು ಬಾಗಿ ನೋಡುತ್ತಿದ್ದಳೇ ಹೊರತು ಮುಟ್ಟುತ್ತಿರಲಿಲ್ಲ.

ಅವಳು ನನ್ನ ಅಮ್ಮನ ಅಕ್ಕ. ವವಾಉ ದ್ವೀಪದ ನಮ್ಮೂರಿನಲ್ಲಿ ಚರ್ಚಿಗೆ ಅಂಟಿಕೊಂಡಿರುವ ಕೋಣೆಯೇ ಶಿಶುವಿಹಾರ. ಅದನ್ನು ನಡೆಸುವವಳು ಅವಳೊಬ್ಬಳೇ. ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅವಳು ಫುಸಿ ಅತ್ತೆಯ ಜೊತೆ ಕೂತು ತೊಗಟೆ ಬಡಿಯುತ್ತಿದ್ದಳು. ಹಿಯಾಪೊ ಗಿಡದ ಒಳತೊಗಟೆಯನ್ನು ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿದರೆ ಅದು ಅಗಲವಾಗಿ ಬಟ್ಟೆಯಾಗುತ್ತದೆ. ಇಬ್ಬರದೂ ಒಂದೇ ದಿಮ್ಮಿ. ಒಬ್ಬಳ ಏಟು ಮುಗಿಯುವಷ್ಟರಲ್ಲಿ ಇನ್ನೊಬ್ಬಳ ಏಟು ಬೀಳುತ್ತಿತ್ತು. ಆ ಸದ್ದು ಕೇಳಿ ನಮ್ಮ ಮನೆಯಲ್ಲಿ ಒಲೆ ಹಚ್ಚುವ ಹೊತ್ತಾಯಿತೆಂದು ತಿಳಿಯುತ್ತಿದ್ದೆವು.

ಫುಸಿ ಅತ್ತೆ ನಮ್ಮ ಅಜ್ಜನ ತಂಗಿಯ ಮಗಳು. ಎಂದರೆ ದೊಡ್ಡಮ್ಮನಿಗೂ ಅಮ್ಮನಿಗೂ ಅವಳು ಫಹು. ನಮ್ಮಲ್ಲಿ ತಂದೆಯ ಸೋದರಿಯೂ ಅವಳ ಮಕ್ಕಳೂ ನಮಗಿಂತ ಮೇಲು. ನಮ್ಮ ಮನೆಯ ಯಾವ ವಸ್ತುವನ್ನಾದರೂ ಅವರು ಎತ್ತಿಕೊಂಡು ಹೋಗಬಹುದು. ಬೇಡ ಎಂದರೆ ನಮಗೇ ಅವಮಾನ. ಆದರೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ಆ ಇಬ್ಬರ ನಡುವೆ ಆ ಹಕ್ಕು ತಮಾಷೆಯ ಮಾತಾಗಿತ್ತು. "ಲೋಸೆಲಿ, ನಿನ್ನ ಗಂಡನ್ನ ಎತ್ತಿಕೊಂಡು ಹೋಗ್ತೀನಿ ಕಣೇ," ಎಂದು ಫುಸಿ ಅತ್ತೆ ಹೇಳುವಳು. "ತಗೊಂಡು ಹೋಗು, ಆದ್ರೆ ವಾಪಸ್ ತರಬೇಡ," ಎನ್ನುವಳು ದೊಡ್ಡಮ್ಮ.

ಆ ವರ್ಷ ದೊಡ್ಡಮ್ಮ ಮಕ್ಕಳಿಂದ ಒಂದು ಬಟ್ಟೆ ಮಾಡಿಸಿದಳು. ಬಿಸ್ಕತ್ತಿನ ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ ಮಗುವಿಗೊಂದು ತುಂಡು ಕೊಟ್ಟಳು. ತೆಂಗಿನ ಗರಿಯ ಕಡ್ಡಿಗಳನ್ನು ಮುರಿದು, ಮರಗೆಣಸಿನ ಗಂಜಿಯಿಂದ ಅದಕ್ಕೆ ಅಂಟಿಸಿ, ಮಕ್ಕಳು ತಮಗೆ ಬೇಕಾದ ಆಕಾರ ಮಾಡಿದರು. ದೊಡ್ಡವರು ಬಟ್ಟೆಗೆ ಬಳಸುವ ಅಚ್ಚು ಕುಪೆಸಿ. ಇವು ಮಕ್ಕಳ ಕುಪೆಸಿಗಳು. ಅವುಗಳ ಮೇಲೆ ತೊಗಟೆ ಬಟ್ಟೆಯ ಚೂರನ್ನು ಹಾಸಿ, ಕಂದು ಬಣ್ಣದಲ್ಲಿ ಅದ್ದಿದ ಚಿಂದಿಯಿಂದ ಉಜ್ಜಿದರೆ ಕಡ್ಡಿಯ ಗೆರೆಗಳು ಮೇಲೆ ಮೂಡುತ್ತವೆ. ಮೊದಲ ಸಲ ಗೆರೆ ಮೂಡಿದಾಗ ಮಕ್ಕಳು ಬಟ್ಟೆ ಎತ್ತಿ ಅಡಿಯಲ್ಲಿ ಯಾರಿದ್ದಾರೆ ಎಂದು ಹುಡುಕಿದರು.

ಪಿಸಿಲಾ ಎಂಬ ನಾಲ್ಕು ವರ್ಷದ ಹುಡುಗಿ ನಾಯಿ ಮಾಡಿದ್ದಳು.

"ಕಾಲು ಎರಡು ಜಾಸ್ತಿ ಆಯ್ತಲ್ಲ ಪಿಸಿಲಾ?" ಎಂದಳು ದೊಡ್ಡಮ್ಮ, ಕೈ ಬೆನ್ನ ಹಿಂದೆಯೇ.

"ಓಡ್ತಾ ಇದೆ ಟೀಚರ್."

ನಾಯಿಗೆ ಆರು ಕಾಲೇ ಉಳಿಯಿತು.

ಚೂರುಗಳನ್ನು ಒಂದಕ್ಕೊಂದು ಅಂಟಿಸುತ್ತ ಹೋದಂತೆ ಅದು ಕೋಣೆಯ ಗೋಡೆಯಷ್ಟು ಉದ್ದದ ಬಟ್ಟೆಯಾಯಿತು. ಮೇ ತಿಂಗಳ ಮಕ್ಕಳ ಭಾನುವಾರ, ಫಾಕಮೇ ದಿನ, ಅದನ್ನು ಗೋಡೆಗೆ ತೂಗುಹಾಕುತ್ತೇನೆ, ಅವರವರ ಚಿತ್ರವನ್ನು ಅವರವರೇ ಅಪ್ಪ ಅಮ್ಮನಿಗೆ ತೋರಿಸಬೇಕು ಎಂದು ದೊಡ್ಡಮ್ಮ ಮಕ್ಕಳಿಗೆ ಮಾತು ಕೊಟ್ಟಳು. ಅವಳು ಮಕ್ಕಳಿಗೆ ಸುಮ್ಮಸುಮ್ಮನೆ ಮಾತು ಕೊಡುವವಳಲ್ಲ.

ತೊಗಟೆ ಬಟ್ಟೆಯನ್ನು ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಡುವುದು ನಮ್ಮ ರೂಢಿ. ದೊಡ್ಡಮ್ಮನ ಮಲಗುವ ಕೋಣೆ ಸೋರುತ್ತಿತ್ತು.

"ನನ್ನ ಮಂಚದಲ್ಲಿ ಇಡೇ," ಎಂದಳು ಫುಸಿ ಅತ್ತೆ. "ನನ್ನ ಭಾರಕ್ಕೆ ಇಸ್ತ್ರಿನೂ ಆಗುತ್ತೆ."

ಅಮ್ಮನಿಗೆ ಅದು ಸರಿ ಬರಲಿಲ್ಲ. "ಅಕ್ಕಾ, ಫಹು ಹಾಸಿಗೆ ಕೆಳಗೆ ಬಟ್ಟೆ ಇಡ್ತಾರಾ ಯಾರಾದ್ರೂ? ಬೆಕ್ಕಿನ ಹತ್ರ ಮೀನು ಕಾಯೋಕೆ ಕೊಟ್ಟ ಹಾಗೆ."

"ಊರಿಗೆಲ್ಲ ಫಹು ಇರಬಹುದು. ನನಗೆ ಅವಳು ಫುಸಿ," ಎಂದು ದೊಡ್ಡಮ್ಮ ಬಟ್ಟೆ ಮಡಚಿಕೊಂಡು ಹೋದಳು.

ಫಾಕಮೇಗೆ ಮೊದಲಿನ ಬುಧವಾರ ಫುಸಿ ಅತ್ತೆಯ ಭಾವ, ಅವಳ ಗಂಡನ ಅಣ್ಣ, ತೀರಿಕೊಂಡರು. ಬಹಳ ದಿನಗಳಿಂದ ಮಲಗಿದ್ದವರು. ಮರುದಿನವೇ ಮಣ್ಣು. ನಾವೆಲ್ಲ ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಹಳೆಯ ಚಾಪೆ ಸುತ್ತಿಕೊಂಡು ಹೋದೆವು. ಗಂಡನ ಮನೆಯ ಸಾವಿಗೆ ಸೊಸೆ ತರಬೇಕಾದ ಕಾಣಿಕೆಯಾಗಿ ಫುಸಿ ಅತ್ತೆ ತನ್ನ ಹೆಣ್ಣುಮಕ್ಕಳ ಜೊತೆ ದೊಡ್ಡದೊಂದು ತೊಗಟೆ ಬಟ್ಟೆ ಹೊತ್ತು ತಂದಳು. ಅವಳ ಬಳಿ ಇದ್ದ ಒಳ್ಳೆಯ ಬಟ್ಟೆಗಳೆಲ್ಲ ಮಗಳ ಮದುವೆಯಲ್ಲಿ ಹೋಗಿದ್ದವು ಎಂದು ಎಲ್ಲರಿಗೂ ಗೊತ್ತಿತ್ತು. ಪಾಪ, ಎಲ್ಲಿಂದಲೋ ಹೊಂದಿಸಿದ್ದಾಳೆ ಎಂದು ಹೆಂಗಸರು ಮೆಚ್ಚಿಕೊಂಡರು. ಬಟ್ಟೆಯನ್ನು ಚಿತ್ರ ಒಳಗಾಗುವಂತೆ ಮಡಚಿದ್ದರು.

ಗುಂಡಿಯೊಳಗೆ ಹಾಸಲು ಅದನ್ನು ಬಿಚ್ಚಿದಾಗ ಬಿಸಿಲಿಗೆ ಎಲ್ಲವೂ ಕಂಡಿತು. ಬಾಲವಿಲ್ಲದ ಮೀನು. ಮೂಲೆ ಮುರಿದ ದೋಣಿ. ಸೂರ್ಯನೋ ಏಡಿಯೋ ತಿಳಿಯದ ಒಂದು ಆಕಾರ.

"ಅಮ್ಮಾ, ನನ್ನ ನಾಯಿ," ಎಂದಳು ಪಿಸಿಲಾ.

ಹಾಡುತ್ತಿದ್ದವರ ದನಿ ಒಂದು ಕ್ಷಣ ತಗ್ಗಿ ಮತ್ತೆ ಏರಿತು. ಪಿಸಿಲಾಳ ತಾಯಿ ಮಗಳ ಬಾಯಿ ಮುಚ್ಚಿ ಎತ್ತಿಕೊಂಡಳು. ಬಟ್ಟೆ ಕೆಳಗಿಳಿಯಿತು. ಅದರ ಮೇಲೆ ಚಾಪೆ, ಚಾಪೆಯ ಮೇಲೆ ದೇಹ.

ದೊಡ್ಡಮ್ಮ ಅಳಲಿಲ್ಲ. ಅವಳು ಚಾಪೆಯಾಚೆ ಕಾಣುತ್ತಿದ್ದ ಬಟ್ಟೆಯ ಅಂಚನ್ನು ನೋಡುತ್ತಿದ್ದಳು. ಮಕ್ಕಳು ಎಳೆಯದಿದ್ದ ಕಪ್ಪು ಗೆರೆಗಳು ಅಲ್ಲಿದ್ದವು, ದಪ್ಪವಾಗಿ, ನೇರವಾಗಿ, ಕಾಣಿಕೆಯ ಬಟ್ಟೆಯನ್ನು ಮುಗಿಸುವಾಗ ಎಳೆಯುವಂಥವು, ನುರಿತ ಕೈಯವು. ಆ ಕಪ್ಪು ಒಣಗಲು ದಿನಗಳು ಬೇಕು. ಹಸಿಯಿದ್ದಾಗ ಮಡಚಿದರೆ ಕಲೆ ಬೀಳುತ್ತದೆ. ಇದರಲ್ಲಿ ಒಂದು ಕಲೆಯೂ ಇರಲಿಲ್ಲ. ಭಾವ ಸತ್ತದ್ದು ನಿನ್ನೆ. ಅವರು ಬದುಕಿದ್ದಾಗಲೇ ಫುಸಿ ಅತ್ತೆ ಗೆರೆ ಎಳೆದು ಒಣಗಿಸಿ ಇಟ್ಟಿದ್ದಳು. ಅಷ್ಟೂ ದಿನ ಮಧ್ಯಾಹ್ನ ಬಂದು ಅದೇ ದಿಮ್ಮಿಯ ಆಚೆ ಕೂತು ನಗಿಸಿದ್ದಳು.

ಸಂಜೆ ಹಿತ್ತಿಲಲ್ಲಿ ಪಾತ್ರೆ ತೊಳೆಯುವಾಗ ದೊಡ್ಡಮ್ಮ ಕೇಳಿದಳು, "ನನ್ನನ್ನ ಕೇಳಬಹುದಿತ್ತಲ್ಲೇ?"

"ಕೇಳಿದ್ರೆ ಇಲ್ಲ ಅಂತಿದ್ದೆ," ಎಂದಳು ಫುಸಿ ಅತ್ತೆ. "ಇಲ್ಲ ಅಂದ ಮೇಲೂ ನಾನು ತಗೋಬೇಕಾಗ್ತಿತ್ತು. ಆಗ ಊರಲ್ಲಿ ನಿನ್ನ ಮರ್ಯಾದೆ ಹೋಗ್ತಿತ್ತು. ಈಗ ಹೋಗಿಲ್ಲ ನೋಡು."

"ಅದು ಮಕ್ಕಳದು ಫುಸಿ."

"ಅಚ್ಚು ನಿನ್ನ ಹತ್ರ ಇದೆಯಲ್ಲ. ಇನ್ನೊಂದು ಮಾಡಿಸು. ಗಂಡನ ಮನೆಯವರ ಮುಂದೆ ನಾನು ಬರಿಗೈಲಿ ನಿಲ್ಲಬೇಕಿತ್ತಾ?"

ದೊಡ್ಡಮ್ಮ ಇನ್ನೊಂದು ಪಾತ್ರೆ ತೆಗೆದುಕೊಂಡಳು. ತಿಂಗಳುಗಟ್ಟಲೆಯ ಕೆಲಸವನ್ನು ಮೂರು ದಿನದಲ್ಲಿ ಮಾಡಿಸಲು ಅವಳು ಬೆನ್ನ ಹಿಂದಿನ ಕೈಗಳನ್ನು ಮುಂದೆ ತರಬೇಕಾಗುತ್ತಿತ್ತು. ಅದು ಅವಳಿಂದಾಗದು.

ಫಾಕಮೇ ದಿನ ಮಕ್ಕಳು ಬಿಳಿ ಬಟ್ಟೆ ತೊಟ್ಟು ಬೈಬಲ್ಲಿನ ಸಾಲುಗಳನ್ನು ಒಪ್ಪಿಸಿದರು. ಆಮೇಲೆ ಎಲ್ಲರೂ ಶಿಶುವಿಹಾರದ ಕೋಣೆಗೆ ಊಟಕ್ಕೆ ಬಂದರು. ಗೋಡೆ ಬರಿದಾಗಿತ್ತು. ಫುಸಿ ಅತ್ತೆ ತಟ್ಟೆ ಹಿಡಿದು ದೊಡ್ಡಮ್ಮನ ಪಕ್ಕದಲ್ಲೇ ನಿಂತಿದ್ದಳು. ಪಿಸಿಲಾ ಬಂದು ದೊಡ್ಡಮ್ಮನ ಲಂಗ ಎಳೆದಳು.

"ಟೀಚರ್, ನನ್ನ ನಾಯೀನ ನೀನೇ ಕೊಟ್ಟುಬಿಟ್ಟೆಯಾ?"

ದೊಡ್ಡಮ್ಮ ಪಕ್ಕಕ್ಕೆ ತಿರುಗಿದಳು. ಅವಳು ಯಾರಿಗಾಗಿ ಕಾಯುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು. ಫಹುವಿನ ಮೇಲೆ ಬಾಯಿಬಿಟ್ಟು ದೂರು ಹೇಳುವ ಹಾಗಿಲ್ಲ. ಹೇಳಿದರೆ ಫುಸಿ ಅತ್ತೆಯೇ ಹೇಳಬೇಕು. ಫುಸಿ ಅತ್ತೆ ತಟ್ಟೆಯಲ್ಲಿದ್ದ ಗೆಣಸಿನ ಸಿಪ್ಪೆ ಬಿಡಿಸತೊಡಗಿದಳು.

"ಹೂಂ ಮಗಾ," ಎಂದಳು ದೊಡ್ಡಮ್ಮ. "ನಾನೇ ಕೊಟ್ಟೆ."

ಪಿಸಿಲಾ ಲಂಗ ಬಿಟ್ಟಳು. ಅದಾದ ಮೇಲೆ ಬಹಳ ದಿನ ಅವಳು ಕೈಕೆಲಸದ ಹೊತ್ತಿನಲ್ಲಿ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿರುತ್ತಿದ್ದಳು. ದೊಡ್ಡಮ್ಮ ಒತ್ತಾಯ ಮಾಡಲಿಲ್ಲ. ಮಾಡು ಎನ್ನಲು ತನಗೆ ಬಾಯಿಲ್ಲ ಎಂದು ಅಮ್ಮನ ಹತ್ತಿರ ಒಮ್ಮೆ ಹೇಳಿದ್ದಳಂತೆ.

ಈಗಲೂ ಅವಳು ಮಧ್ಯಾಹ್ನ ದಿಮ್ಮಿಯ ಹತ್ತಿರ ಹೋಗುತ್ತಾಳೆ. ಆದರೆ ಫುಸಿ ಅತ್ತೆಗೆ ನೆರಳಿರುವ ಮೇಲಿನ ಜಾಗ ಬಿಟ್ಟು ತಾನು ಬಿಸಿಲಲ್ಲಿ ಕೂರುತ್ತಾಳೆ. ಮೀನು ಬಂದರೆ ತಲೆಯ ಭಾಗವನ್ನು ಅವಳ ಮನೆಗೆ ಕಳಿಸುತ್ತಾಳೆ. ಫಹುವಿಗೆ ಏನೇನು ಸಲ್ಲಬೇಕೋ ಅದರಲ್ಲಿ ಒಂದೂ ತಪ್ಪುವುದಿಲ್ಲ. ತಮಾಷೆ ಮಾತ್ರ ಇಲ್ಲ.

ಶಿಶುವಿಹಾರದಲ್ಲಿ ಈಗ ಎಲ್ಲವೂ ಚಿಕ್ಕದು. ಓಲೆಯ ಮೀನು, ಚಿಪ್ಪಿನ ಸರ, ಅಂಗೈಯಲ್ಲಿ ಹಿಡಿಯುವ ದೋಣಿ. ಅಂಟು ಒಣಗುವ ಮೊದಲೇ ಅವು ಮಕ್ಕಳ ಜೊತೆ ಮನೆಗೆ ಹೋಗುತ್ತವೆ. ಕೋಣೆಯಲ್ಲಿ ಒಂದು ರಾತ್ರಿಯೂ ಏನೂ ಉಳಿಯುವುದಿಲ್ಲ.

ಮೊನ್ನೆ ಫುಸಿ ಅತ್ತೆ ಬಾಗಿಲಲ್ಲಿ ಇಣುಕಿದಳು. "ಈ ಸಲನೂ ಗೋಡೆಗೆ ಏನೂ ಮಾಡಿಸ್ತಾ ಇಲ್ವೇನೇ ಲೋಸೆಲಿ?"

ದೊಡ್ಡಮ್ಮ ಎದ್ದು ನಿಂತು, ಕೂರಲು ಕುರ್ಚಿ ಸರಿಸಿ ಕೇಳಿದಳು, "ನಿಮಗೆ ಏನಾದರೂ ಬೇಕಿತ್ತಾ?"