ಅವ್ವನಿಗೆ ಎಟುಕುವ ಸ್ಟ್ಯಾಂಡು

ಆಗೆಲ್ಲ ಬೇಲೂರಿನ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದೇ ಅಪ್ಪನ ಲೇತಿನ ಸದ್ದಿನಿಂದ. ಕರೆಂಟ್ ಹೋದರೆ ಬೀದಿ ಗಕ್ಕನೆ ಸುಮ್ಮನಾಗುತ್ತಿತ್ತು. ತಿರುಗುವ ಮರಕ್ಕೆ ಉಳಿ ಕೊಟ್ಟು ಅಪ್ಪ ಮಂಚದ ಕಾಲು, ಲಟ್ಟಣಿಗೆ, ಬುಗುರಿ ಕಡೆಯುತ್ತಿದ್ದ. ಸೀಳು ಬಿಟ್ಟ ಬುಗುರಿಗಳೆಲ್ಲ ನನ್ನವು. ಹಲಸಿನ ಮರದ ಹಳದಿ ಸುರುಳಿಗಳು ಬಚ್ಚಲೊಲೆಗೆ. ನಾವು ಮೀಯುವ ನೀರಿಗೂ ಅದರದೇ ವಾಸನೆ.

ಕಡೆದದ್ದೆಲ್ಲ ಊರವರ ಮನೆಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಬಟ್ಟೆ ನೇತುಹಾಕಲು ಗೋಡೆಗೆ ಹೊಡೆದ ಮೊಳೆ. ಅವ್ವ ಕುಳ್ಳಿ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಅಪ್ಪನ ಅಂಗಿ ಸಿಕ್ಕಿಸುವಳು, ತೆಗೆಯುವಾಗ ಕಾಲರ್ ಹರಿಯುವುದು. ಡಾಕ್ಟರ ಶಾಪಿನಲ್ಲಿ ನೋಡಿದ್ದ ಕೋಟ್ ಸ್ಟ್ಯಾಂಡು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅಂಥದ್ದೊಂದು ಮಾಡಿಕೊಡಿ ಎಂದಾಗಲೆಲ್ಲ ಅಪ್ಪ, ನಮ್ಮನೇಲಿ ಕೋಟ್ ಹಾಕೋರು ಯಾರಿದ್ದಾರೆ ಎಂದು ನಗುತ್ತಿದ್ದ. ಬರೋ ಅಳಿಯ ಹಾಕ್ತಾನೆ ಎಂದು ಅವ್ವ ನನ್ನ ಜಡೆ ಜಗ್ಗುತ್ತಿದ್ದಳು. ನಾನಾಗ ನಾಲ್ಕನೇ ಕ್ಲಾಸು, ನನಗೆ ಸಿಟ್ಟು ಬರುತ್ತಿತ್ತು.

"ಗುಡಿ ಕಂಬ ಕಡೆದೋರೇ ಕೆಲಸ ಮುಗಿಸಿ ಹೋದ್ರು ಕಣ್ರೀ. ನಿಮ್ಮದೊಂದು ಸ್ಟ್ಯಾಂಡು ಆಗಲಿಲ್ಲ," ಎಂದಳು ಅವ್ವ ಒಂದು ದಿನ. ಅಪ್ಪ, ಈ ಆರ್ಡರ್ ಮುಗೀಲಿ ಎಂದ.

ಅವರೆಕಾಯಿ ಕಾಲದಲ್ಲಿ ಅವ್ವನಿಗೆ ಜ್ವರ ಬಂತು. ಹಾಸನದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲೇ ತೀರಿಕೊಂಡಳು. ಬಂದವರೆಲ್ಲ ಅತ್ತುಬಿಡು ಮಗ ಎಂದು ನನ್ನ ಬೆನ್ನು ಸವರಿದರು. ಬಾರದ ಅಳುವನ್ನು ಎಲ್ಲಿಂದ ತರಲಿ? ಜಾವಗಲ್‌ನಿಂದ ಬಂದ ಅತ್ತೆ, ಅಪ್ಪನ ಅಕ್ಕ, ನಮ್ಮ ಜೊತೆಗೇ ಉಳಿದು ಹಿತಕಿದವರೆ ಸಾರು ಮಾಡಿದಳು. ಮುದ್ದೆ ಮುರಿದು ಅದ್ದಿ ನುಂಗಿದೆ. ರುಚಿ ತಿಳಿಯಲಿಲ್ಲ, ಹೊಟ್ಟೆ ತುಂಬಿತು.

ತಿಥಿ ಕಳೆದ ಮೇಲೆ ಅಪ್ಪ ಲೇತಿಗೆ ಹಲಸಿನ ಮರ ಏರಿಸಿದ. ಮಂಚದ ಕಾಲಿಗಿಂತ ಉದ್ದದ್ದು. ಯಾರದೆಂದು ನಾನು ಕೇಳಲಿಲ್ಲ. ಉಳಿ ತಾಗಿದಲ್ಲೆಲ್ಲ ಬಳೆ ತೊಡಿಸಿದಂತೆ ಗೆರೆಗಳು ಮೂಡಿದವು. ಉಪ್ಪುಕಾಗದ ಹಿಡಿದು ನಯ ಮಾಡಿ, ಗೂಟಗಳನ್ನು ಬೇರೆ ಕಡೆದು ತೂತಿಗೆ ಕೂರಿಸಿದ. ಬುಗುರಿ ಹಿಡಿದು ಪಕ್ಕದಲ್ಲೇ ಕೂತಿದ್ದೆ, ಆಡಲಿಲ್ಲ.

ಸ್ಟ್ಯಾಂಡು ಒಳಗೆ ಬಂತು. ಅತ್ತೆ ಮೇಲಿಂದ ಕೆಳಗೆ ನೋಡಿದಳು.

"ಏನೋ ಇದು, ಇಷ್ಟು ಗಿಡ್ಡ ಮಾಡಿದ್ದೀಯ? ಡಾಕ್ಟ್ರ ಹತ್ರ ಇರೋದು ಆಳೆತ್ತರ ಐತಪ್ಪ."

"ಅವಳಿಗೆ ಎಟುಕಬೇಕಲ್ಲಕ್ಕ," ಎಂದ ಅಪ್ಪ.

ಅಂದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿರಬೇಕು. ಗೂಟ ಹಿಡಿದುಕೊಂಡೇ ನಿಂತ. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಪ್ಪ ಅಂಗಿ ಬಿಚ್ಚಿ, ಹಳೇ ಮೊಳೆಗೇ ಸಿಕ್ಕಿಸಿ, ಕೈಕಾಲು ತೊಳೆಯಲು ಬಚ್ಚಲಿಗೆ ನಡೆದ.

ಈಗ ಅಪ್ಪನಿಲ್ಲ, ಲೇತೂ ಇಲ್ಲ. ಬೀದಿಯಲ್ಲಿ ಕರೆಂಟ್ ಹೋದರೆ ಕಿವಿಗೆ ಏನೂ ಗೊತ್ತಾಗುವುದಿಲ್ಲ. ಸ್ಟ್ಯಾಂಡು ನನ್ನ ಮನೆಯಲ್ಲಿದೆ. ಅವ್ವನಿಗೆ ಬಂದ ಅಳಿಯನೂ ಕೋಟ್ ಹಾಕುವವನಲ್ಲ, ಅವನ ಅಂಗಿಗಳು ಅದರ ಮೇಲಿವೆ. ಅವ್ವ ಎಷ್ಟೆತ್ತರ ಇದ್ದಳೆಂಬುದು ನನಗೆ ಮರೆತೇಹೋಗಿದೆ. ಇರುವ ಒಂದೇ ಫೋಟೋದಲ್ಲಿ ಕುರ್ಚಿಯ ಮೇಲೆ ಕೂತಿದ್ದಾಳೆ. ಧೂಳು ಒರೆಸಲು ಸ್ಟ್ಯಾಂಡಿನ ಮುಂದೆ ನಿಂತರೆ ಗೂಟ ನನ್ನ ಗದ್ದಕ್ಕೆ ಬರುತ್ತದೆ. ಒರೆಸುವ ಬಟ್ಟೆ ಕೈಯಲ್ಲೇ ಉಳಿಯುತ್ತದೆ.

ಇಷ್ಟೇ ಇದ್ದೆಯಾ ಅವ್ವ, ಅನ್ನುತ್ತೇನೆ.