ಶಮೀಮಕ್ಕನ ಒತ್ತಕ್ಷರ, ನನ್ನ ಏಳು ಭಾಷೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬೇಸಿಗೆಯಲ್ಲಿ ನಾನು ಏಳು ಕಂಪ್ಯೂಟರ್ ಭಾಷೆಗಳನ್ನು ಕಲಿತೆ. ಏಳರಲ್ಲೂ ನನಗೆ ಬರುತ್ತಿದ್ದದ್ದು ತೆರೆಯ ಮೇಲೆ ‘ನಮಸ್ಕಾರ’ ಎಂದು ಮೂಡಿಸುವುದು ಮಾತ್ರ. ಏಳು ಮನೆಯ ಬಾಗಿಲಲ್ಲಿ ನಿಂತು ಕೈಮುಗಿದು, ಒಳಕ್ಕೆ ಕಾಲಿಡದೆ ವಾಪಸು ಬಂದವನ ಹಾಗೆ. ಈ ಘನಕಾರ್ಯ ನಡೆಯುವಷ್ಟು ಕಾಲವೂ ಶಮೀಮಕ್ಕ ನನ್ನನ್ನು ನಂಬಿ ಕಾದಿದ್ದಳು.

ಶಮೀಮಕ್ಕ ಸೂಜಿಗೆ ದಾರ ಪೋಣಿಸುವಾಗ ಸೂಜಿಯನ್ನು ನೋಡುತ್ತಿರಲಿಲ್ಲ. ಕಣ್ಣು ಕಂಪ್ಯೂಟರಿನ ಮೇಲೆ, ಬಾಯಿ ನಮ್ಮ ಮೇಲೆ. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿದ್ದ ತಂದೆಯ ಟೈಲರ್ ಅಂಗಡಿಗೆ ನಡುವೆ ಪರದೆ ಕಟ್ಟಿ ಎರಡು ಮಾಡಿದ್ದಳು. ಈಚೆ ಹೊಲಿಗೆ ಯಂತ್ರ, ಆಚೆ ನಾಲ್ಕು ಹಳೆಯ ಕಂಪ್ಯೂಟರು. ನಾಲ್ಕಕ್ಕೂ ಉಳಿದ ಬ್ಲೌಸ್ ಪೀಸಿನ ಮುಸುಕು, ಅಂಚಿಗೆ ಲೇಸು. ಯಾರು ಏನು ಕಲಿಯಲು ಬಂದರೂ ಮೊದಲ ದಿನ ಒಂದು ಹಳೆಯ ರವಿಕೆ, ಒಂದು ಬ್ಲೇಡು ಕೈಗಿಡುತ್ತಿದ್ದಳು. “ಹೊಲ್ಗೆ ಬಿಚ್ಚು. ಬಟ್ಟೆ ಹರೀಬಾರ್ದು.” ಟೈಪಿಂಗ್ ಕಲಿಯಲು ಬಂದವರಿಗೂ ಇದರಿಂದ ವಿನಾಯಿತಿ ಇರಲಿಲ್ಲ.

ಅವಳ ಕಂಪ್ಯೂಟರುಗಳಲ್ಲಿ ಇದ್ದದ್ದು ಮುಕ್ತ ತಂತ್ರಾಂಶ. ಬೇಕಾದವರು ಒಳಗನ್ನು ತೆರೆದು ನೋಡಿ ತಿದ್ದಿಕೊಳ್ಳಬಹುದು. ಎದುರು ಬೀದಿಯ ಕಂಪ್ಯೂಟರ್ ಸೆಂಟರಿನಲ್ಲಿರುವ, ದುಡ್ಡು ಕೊಟ್ಟು ತರುವ ತಂತ್ರಾಂಶವೇ ನಿನಗೇಕೆ ಬೇಡ ಎಂದರೆ, “ಒಳಗ್ಲ ಹೊಲ್ಗೆ ತೋರ್ಸದಿರೋ ಬಟ್ಟೆ ನಾನ್ ಕೊಳ್ಳಾಕಿಲ್ಲ ಕಣ” ಎನ್ನುತ್ತಿದ್ದಳು.

ಆದರೆ ಆ ಮುಕ್ತ ತಂತ್ರಾಂಶದ ಟೈಪಿಂಗ್ ಕಲಿಸುವ ಪ್ರೋಗ್ರಾಮಿನಲ್ಲಿ ಕನ್ನಡದ ಒತ್ತುಗಳು ಕೆಳಗಿಳಿಯುತ್ತಿರಲಿಲ್ಲ. ‘ಅಕ್ಕ’ ಎಂದು ಹೊಡೆದರೆ ಎರಡು ‘ಕ’ಗಳು ಜಗಳವಾಡಿದ ಓರಗಿತ್ತಿಯರಂತೆ ದೂರ ದೂರ ನಿಲ್ಲುತ್ತಿದ್ದವು.

“ಚಾಮ್ರಾಜ್‌ನಗರದಲ್ಲಿ ಕಂಪ್ಯೂಟರ್ ಓದ್ತಿದ್ದೀಯಲ್ಲ, ಈ ಒತ್ತು ಒಸಿ ಕೆಳಕ್ಕಿಳಿಸ್ಕೊಡ್ಲಾ” ಎಂದಳು ನನಗೆ.

“ಮಾಡನ ಅಕ್ಕ. ಯಾವ ಭಾಷೆ ಕಲೀಬೇಕು ಅಂತ ಒಂದ್ ತೀರ್ಮಾನ ಆಗ್ಬುಡ್ಲಿ.”

ತೀರ್ಮಾನವೇ ಆಗಲಿಲ್ಲ. ಚಾಮರಾಜನಗರದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಓದಿದರೆ ಅಲ್ಲಿ ಬರೆಯುವವರಲ್ಲಿ ಒಬ್ಬ ಸಿ ಭಾಷೆಯೇ ಮೇಲು ಎನ್ನುತ್ತಿದ್ದ, ಅವನಿಗೆ ಬೈದು ಇನ್ನೊಬ್ಬ ಪರ್ಲ್ ಎನ್ನುತ್ತಿದ್ದ. ನಾನು ಗೆದ್ದವನ ಕಡೆ, ವಾರಕ್ಕೊಬ್ಬ ಗೆಲ್ಲುತ್ತಿದ್ದ. ಗುಂಡ್ಲುಪೇಟೆಗೆ ಹೋದಾಗ ತೋರಿಸಲು ಕೆಲಸವಿಲ್ಲದೆ ಮಿಮಿಕ್ರಿ ತೋರಿಸುತ್ತಿದ್ದೆ. ಜಾವಾ ಎಂದರೆ ಕಚೇರಿಯ ಗುಮಾಸ್ತ: “ನಮಸ್ಕಾರ ಹೇಳ್ಬೇಕಾ? ಅರ್ಜಿ ಕೊಡಿ. ಅರ್ಜಿ ಕೊಡಕ್ಕೆ ಇನ್ನೊಂದು ಅರ್ಜಿ ಕೊಡಿ.” ಪರ್ಲ್ ಈರುಳ್ಳಿ ಲಾರಿಯ ಡ್ರೈವರು, ಬೆಳಿಗ್ಗೆ ತಾನೇ ಬೈದದ್ದು ಸಂಜೆಗೆ ಅವನಿಗೇ ಅರ್ಥವಾಗದು. ಪೈಥಾನ್ ನಮ್ಮ ಡ್ರಿಲ್ ಮೇಷ್ಟ್ರು: “ಸಾಲು ಬಿಟ್ಟು ಒಂದಿಂಚು ಸರಿದ್ಯೋ, ಬಿಸಿಲಲ್ಲಿ ನಿಲ್ಲಿಸ್ತೀನಿ.” ಟೈಪಿಂಗ್ ಕಲಿಯಲು ಬರುತ್ತಿದ್ದ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಶಮೀಮಕ್ಕನೂ ನಗುತ್ತಿದ್ದಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, “ಒತ್ತು ಏನಾಯ್ತಲಾ?” ಎನ್ನುತ್ತಿದ್ದಳು.

ಒಂದು ಸಂತೆಯ ದಿನ ಭೀಮನಬೀಡಿನ ಮಾದಪ್ಪನವರು ಟೊಮೇಟೊ ಇಳಿಸಿ, ಮಗಳು ನಾಗಮಣಿ ಏನು ಕಲಿತಳೆಂದು ನೋಡಲು ಬಂದರು. ಅವಳು ಹುರುಪಿನಿಂದ ಅಪ್ಪನ ಹೆಸರನ್ನೇ ಹೊಡೆದಳು. ಅವರು ಬಹಳ ಹೊತ್ತು ತೆರೆಯನ್ನು ನೋಡಿದರು.

“ನನ್ನೆಸ್ರು ಯಾಕಮ್ಮಿ ಇಂಗೆ ಮುರ್ಕೊಂಡದೆ?”

ಅವರು ಶಮೀಮಕ್ಕನ ಕಡೆ ತಿರುಗಿದರು. “ಮುಂದಿನ್ ಸಂತೆಗಂಟ ನೋಡ್ತೀನಿ ಕಣವ್ವ. ಸರಿಯಾಗ್ನಿಲ್ಲ ಅಂದ್ರೆ ಎದುರ್‌ಗಡೆ ಸೇರ್ಸ್‌ಬುಡ್ತೀನಿ. ನಮ್ಮೂರ್ ನಾಕ್ ಹೆಣ್ಮಕ್ಳೂ ಒಟ್ಗೇ ಬತ್ತವೆ, ಒಟ್ಗೇ ಓಯ್ತವೆ.”

ಆ ನಾಲ್ವರು ಹೋದರೆ ಪರದೆಯ ಆಚೆ ಯಾರೂ ಉಳಿಯುತ್ತಿರಲಿಲ್ಲ. ಪರದೆ ಬಿಚ್ಚಿ ಮತ್ತೆ ಪೂರ್ತಿ ಟೈಲರ್ ಅಂಗಡಿಯೇ ಮಾಡೋಣವೆಂದು ಅವಳ ತಂದೆ ಆಗಲೇ ಗೊಣಗುತ್ತಿದ್ದರು.

ಮಾದಪ್ಪನವರು ಮೆಟ್ಟಿಲಿಳಿದ ಮೇಲೆ ಶಮೀಮಕ್ಕ ಕೇಳಿದಳು: “ಆ ಪ್ರೋಗ್ರಾಮ್ನ ಯಾವ ಭಾಷೇಲಿ ಬರ್ದವ್ರೆ?”

“ನೋಡಿಲ್ಲ” ಎಂದೆ.

ಏಳು ಭಾಷೆ ಕಲಿತವನು, ತಿದ್ದಬೇಕಾದದ್ದನ್ನು ಒಮ್ಮೆಯೂ ತೆರೆದಿರಲಿಲ್ಲ. ಅವಳು ಬೈಯಲಿಲ್ಲ. ಮೇಜಿನ ಮೇಲಿದ್ದ ಬ್ಲೇಡನ್ನು ನನ್ನ ಮುಂದಕ್ಕೆ ಸರಿಸಿ, “ಬಿಚ್ಚು” ಎಂದಳು.

ತೆರೆದರೆ ಪೈಥಾನ್. ಅಭ್ಯಾಸಬಲದಿಂದ ಡ್ರಿಲ್ ಮೇಷ್ಟ್ರ ದನಿಯಲ್ಲಿ ಓದತೊಡಗಿದೆ.

“ಮಿಮಿಕ್ರಿ ಬ್ಯಾಡ. ನಿನ್ ಗಂಟ್ಲಲ್ಲೇ ಓದು. ಈ ಸಾಲು ಏನ್ ಮಾಡ್ತದೆ ಅಂತ ಹೇಳು.”

ಸ್ವಂತ ಗಂಟಲು ಎಲ್ಲಿಟ್ಟಿದ್ದೆನೋ ಹುಡುಕಿ ತೆಗೆಯಬೇಕಾಯಿತು. ಅವಳು ತಪ್ಪು ಊಹಿಸುವಳು, ನಾನು ಅದಕ್ಕಿಂತ ದೊಡ್ಡ ತಪ್ಪು ಊಹಿಸುವೆ. ಕಾಲರು ಹೊಲಿಯುತ್ತಲೇ ಅವಳು ಕೇಳುತ್ತಿದ್ದಳು. ಗೊತ್ತಿಲ್ಲವೆಂದರೆ ಪುಸ್ತಕ ನೋಡಿ ಹೇಳು ಎನ್ನುತ್ತಿದ್ದಳು. ಹಾಗೆ ಆ ವಾರ ನಾನು ಒಂದು ಭಾಷೆಯ ಎರಡನೇ ಅಧ್ಯಾಯವನ್ನು ಜೀವನದಲ್ಲಿ ಮೊದಲ ಬಾರಿಗೆ ಓದಿದೆ. ಕೊನೆಗೆ ಸಿಕ್ಕಿತು. ಹೊಡೆದ ಅಕ್ಷರಕ್ಕೆ ಬಣ್ಣ ಹಚ್ಚಲೆಂದು ಪ್ರೋಗ್ರಾಮು ಪದವನ್ನು ತುಂಡು ಮಾಡಿ ಒಂದೊಂದನ್ನೇ ಬೇರೆಯಾಗಿ ಬರೆಯುತ್ತಿತ್ತು. ಇಂಗ್ಲಿಷಿಗೆ ಅದು ನಡೆಯುತ್ತದೆ, ಒತ್ತಿಗೆ ನಡೆಯುವುದಿಲ್ಲ.

“ತೋಳ್ನೂ ಮೈನೂ ಜೋಡಿಸ್ದೆ ತೊಡ್ಸಕ್ಕೋಗವ್ನೆ” ಎಂದಳು ಶಮೀಮಕ್ಕ.

ಒತ್ತನ್ನು ಅದರ ಅಕ್ಷರದ ಜೊತೆ ಸೇರಿಸಿಯೇ ಬರೆಯುವಂತೆ ತಿದ್ದಿದೆವು. ಸಂತೆಯ ದಿನ ಮಾದಪ್ಪನವರು ಕುರ್ಚಿ ಎಳೆದುಕೊಂಡು ತಮ್ಮ ಹೆಸರನ್ನು ನೋಡಿದರು. “ಈಗ ನೆಟ್ಗದೆ” ಎಂದು, ಹೆಂಡತಿ ಗೌರಮ್ಮನ ಹೆಸರನ್ನೂ ಹೊಡೆಸಿ ನೋಡಿ ಎದ್ದರು. ತಿದ್ದಿದ್ದನ್ನು ಆ ಪ್ರೋಗ್ರಾಮು ಬರೆದವನಿಗೂ ಕಳಿಸಿದೆವು. ಯಾವ ದೇಶದವನೋ, ಸೇರಿಸಿಕೊಂಡಿದ್ದೇನೆ ಎಂದು ಒಂದೇ ಸಾಲು ಬರೆದ. ಆ ಸಾಲನ್ನು ಶಮೀಮಕ್ಕ ರವಿಕೆಯ ಅಳತೆ ಕೊಡಲು ಬಂದವರನ್ನೂ ಬಿಡದೆ ಕರೆದು ತೋರಿಸಿದಳು.

ಮರುವರ್ಷ ಅವಳಿಗೆ ಗಡಿಯಾಚೆಯ ಬತ್ತೇರಿಯ ಕಡೆ ಮದುವೆಯಾಯಿತು. ಸೆಂಟರನ್ನು ನಾಗಮಣಿಗೆ ಒಪ್ಪಿಸಿದಳು. ಕೇರಳದ ಬಸ್ಸು ಹತ್ತಿಸಲು ಹೋದಾಗ ನನಗೆ ಯಾರ ದನಿಯೂ ಬರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ, ಏನಾದರೂ ಹೇಳಬೇಕಲ್ಲ ಎಂದು ಕಿಟಕಿಯ ಹತ್ತಿರ ನಿಂತು ಕೇಳಿದೆ: “ಅಕ್ಕ, ರೂಬಿ ಅಂತ ಒಂದು ಭಾಷೆ ಜೋರಾಗಿ ಓಡ್ತಾ ಅದಂತೆ. ಅದ್ನ ಕಲೀಲಾ, ಬ್ಯಾಡ್ವಾ?”

ಶಮೀಮಕ್ಕ ಸೆರಗು ಸರಿಮಾಡಿಕೊಂಡು ಕಿಟಕಿಯಿಂದ ಬಗ್ಗಿದಳು.

“ಯಾರಾರ ಏನಾರ ಕೆಟ್ಟದೆ ಅಂತ ನಿನ್ ಮುಂದೆ ಬಂದು ನಿಂತ್ಕಳ್ಳಿ ಕಣ್ಲಾ. ಅದು ಯಾವ ಭಾಷೇಲಿ ಕೆಟ್ಟದೋ ಅದ್ನ ಕಲಿ. ಅಲ್ಲೀಗಂಟ ಬಾಯ್ ಮುಚ್ಕೊಂಡಿರು.”