ಐರಾಣಿ ಒಡೆದವನ ಮಾತು

ಈ ಬೆಳಿಗ್ಗೆ ಶಿವಬಸವ ನಗರದ ಚಹಾದಂಗಡಿಯವನು ಗಾಜಿನ ಲೋಟದ ಬದಲು ಮಣ್ಣಿನ ಕಪ್ಪಿನಲ್ಲಿ ಚಹಾ ಕೊಟ್ಟ. ತುಟಿಗಿಟ್ಟರೆ ಚಹಾಕ್ಕಿಂತ ಮೊದಲು ಸುಟ್ಟ ಮಣ್ಣಿನ ವಾಸನೆ ಬಂತು. ನೀವು ಎದುರಿಗಿದ್ದಿದ್ದರೆ, ಕಪ್ಪು ಮೂಸುತ್ತ ಕುಳಿತ ನನ್ನನ್ನು ಕಂಡು ಎದ್ದು ಬೇರೆ ಕಡೆ ಹೋಗುತ್ತಿದ್ದಿರಿ.

ಮೂರು ವರ್ಷದ ಹಿಂದೆ ನಾನು ಕುಡಿತದಲ್ಲಿ ಎಂಥ ಪ್ರತಿಭಾವಂತನಾಗಿದ್ದೆನೆಂದರೆ, ಒಮ್ಮೆ ನಮ್ಮ ಮನೆಯೆಂದು ತಿಳಿದು ಪಕ್ಕದ ಓಣಿಯ ಮನೆಯೊಂದರಲ್ಲಿ ಊಟಕ್ಕೆ ಕುಳಿತು, ಸಾರಿಗೆ ಉಪ್ಪು ಕಡಿಮೆಯೆಂದು ಜಗಳವನ್ನೂ ಆಡಿದ್ದೆ. ಚಿಕಿತ್ಸೆ ಮುಗಿಸಿ ಹೊರಬಂದರೂ ಕೈ ನಡುಗುತ್ತಲೇ ಇತ್ತು. "ಖಾಲಿ ಕುಂತ್ರ ಮತ್ತ ಅದ ಹಾದಿ ಹಿಡೀತಿ" ಎಂದು ಅವ್ವ ನನ್ನನ್ನು ಖಾನಾಪುರದ ತನ್ನ ಗೆಳತಿ, ಕುಂಬಾರ ಶಾಂತಕ್ಕನ ಹತ್ತಿರ ಬಿಟ್ಟುಬಂದಳು.

ತಿಗರಿಯ ಚಕ್ರದ ಮೇಲೆ ನಾನು ಮಾಡಿದ ಮೊದಲ ಹೂಜಿ ಭೂಕಂಪಕ್ಕೆ ಕಟ್ಟಿದ ಸ್ಮಾರಕದಂತಿತ್ತು. ಶಾಂತಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಕೈ ಬ್ಯಾಡ ನಿಂದು, ಕಾಲು ಕೊಡು" ಅಂದಳು. ಅಂದಿನಿಂದ ಮಣ್ಣು ತುಳಿಯುವುದೇ ಕೆಲಸ. ತುಳಿದು, ಹರಳು ಆರಿಸಿ, ಒಳಗಿನ ಗಾಳಿ ಹೋಗುವವರೆಗೆ ನಾದಬೇಕು. ಗಾಳಿ ಉಳಿದರೆ ಆ ಗಡಿಗೆ ಸುಡುವಾಗ ಭಟ್ಟಿಯಲ್ಲಿ ಸಿಡಿದು ಅಕ್ಕಪಕ್ಕದವನ್ನೂ ಒಡೆಯುತ್ತದೆ. ಮಧ್ಯಾಹ್ನ ಮಲಪ್ರಭೆಯ ಕಡೆಯಿಂದ ತಂಪು ಬರುವ ಹೊತ್ತಿಗೆ, ಮೆತ್ತನೆಯ ಮಣ್ಣಿನಲ್ಲಿ ಸುತ್ತುತ್ತ ಸುತ್ತುತ್ತ ನಾನು ಎಲ್ಲಿಗೂ ಹೋಗದೆ ಬಹಳ ದೂರ ಹೋಗಿಬರುತ್ತಿದ್ದೆ. ಕೆಲವೊಮ್ಮೆ ಪಾದದ ಕೆಳಗೆ ನೆಲವೇ ನಿದ್ದೆಯಲ್ಲಿ ಉಸಿರಾಡುತ್ತಿದೆ ಅನ್ನಿಸುತ್ತಿತ್ತು.

ಹೀಗೆ ನಲವತ್ತು ದಿನ ಕಳೆದವು. ಅಂದು ಯಾವ ದುಃಖವೂ ಇರಲಿಲ್ಲ, ಯಾರೂ ಬೈದಿರಲಿಲ್ಲ. ಬಾಳೆಹಣ್ಣು ತರಲು ಬಸ್ ಸ್ಟ್ಯಾಂಡಿಗೆ ಹೋದವನು ಕುಡಿದು ಬಂದೆ. ಬಾಳೆಹಣ್ಣನ್ನೂ ತಂದೆ, ಅಷ್ಟು ಜವಾಬ್ದಾರಿಯಿತ್ತು.

"ಮಣ್ಣು ಹದ ಆಗೇತೇನೋ?" ಕೇಳಿದಳು ಶಾಂತಕ್ಕ.

"ಬೆಣ್ಣಿ ಆಗೇತಿ."

ನಾದಿರಲೇ ಇಲ್ಲ. ಅದು ಬೀಡಿ ಎಂಬ ಊರಿನ ಮದುವೆಗೆ ಐರಾಣಿ ಗಡಿಗೆ ಮಾಡುವ ಮಣ್ಣು. ಮದುಮಕ್ಕಳ ಮನೆಯಲ್ಲಿಟ್ಟು ಪೂಜಿಸುವ ಗಡಿಗೆ. ಒಣಗಿಸಿ, ಸುಟ್ಟು, ಭಟ್ಟಿ ತೆಗೆದರೆ ಒಳಗೆ ಬರೀ ಒಡೆದ ಬೋಕಿ. ಒಂದು ಚೂರು ಕೈಗೆತ್ತಿಕೊಂಡಾಗಲೇ ಶಾಂತಕ್ಕನಿಗೆ ಎಲ್ಲ ತಿಳಿದಿತ್ತು. ನನ್ನ ಕಡೆ ನೋಡಲಿಲ್ಲ. ಗಡಿಗೆ ನೋಡಲು ಬಂದ ಮದುಮಗಳ ಸೋದರತ್ತೆಗೆ ಕೈಮುಗಿದು, "ಉರಿ ಹೆಚ್ಚಾತ್ರೀ, ನನ್ನ ತಪ್ಪು" ಎಂದಳು.

ನನ್ನ ನಾಲಿಗೆ ತುದಿಯಲ್ಲಿ ಸದಾ ಸಿದ್ಧವಿರುತ್ತಿದ್ದ ಜೋಕು ಅಂದು ಬರಲಿಲ್ಲ. "ಖರೇ ಅಲ್ರೀ. ನಾ ಕುಡದಿದ್ದೆ. ಮಣ್ಣು ನಾದಿಲ್ಲ."

ಆ ಸೋದರತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಮ್ಮ ಮನಿಯಾಗ ಮೂರು ಮಂದಿ ಕುಡೀತಾರ ಶಾಂತವ್ವಾ. ಇಷ್ಟು ವರ್ಷದಾಗ ಒಬ್ಬಾಂವನೂ ಕುಡದೀನಿ ಅಂದಿಲ್ಲ. ಮದುವಿಗೆ ಇನ್ನೂ ಹದಿನೈದು ದಿನ ಐತಿ. ಇವನ ಕೈಲೆ ನಾದಸು."

ಅವಳು ಹೋದ ಮೇಲೆ ಕ್ಷಮೆಯ ಭಾಷಣ ಶುರುಮಾಡಿದೆ. "ಬಾಯಿ ಮುಚ್ಚೋ ಬಾಡ್ಯಾ, ನೀರು ಹಾಕು" ಎಂದಳು ಶಾಂತಕ್ಕ. ಕತ್ತಲಾಗುವವರೆಗೆ ನಾದಿದೆ. ಕೈ ನಡುಗುತ್ತಲೇ ಇತ್ತು. ಮಣ್ಣಿಗೆ ಅದರಿಂದ ಯಾವ ತಕರಾರೂ ಇರಲಿಲ್ಲ.

ಇಷ್ಟು ನೆನಪಾಗುವುದರೊಳಗೆ ಚಹಾ ಆರಿತ್ತು. ಹಳೆಯ ಗೆಳೆಯ ಮಂಜ್ಯಾ ಬಂದು ಬೆನ್ನಿಗೆ ಗುದ್ದಿದ. "ಸಂಜಿಕೆ ಬರ್ತಿ ಹೌದಲ್ಲೋ? ಎಲ್ಲಾರೂ ಕೂಡೂಣು."

"ಇಲ್ಲೋ. ನಾ ಕುಡುಕ ಅದೀನಿ. ಒಂದ ಗ್ಲಾಸಿಗೆ ನಿಲ್ಲಾಂವಲ್ಲ."

ಅವನು ಹೊಟ್ಟೆ ಹಿಡಿದು ನಕ್ಕ. ನಾನು ನಗಲಿಲ್ಲ. ನಿಧಾನಕ್ಕೆ ಅವನ ನಗುವೂ ನಿಂತಿತು. ಅಂಗಡಿಯವನಿಗೆ ಕೇಳಿಸದಂತೆ, "ನನಗ ಮುಂಜಾನೆ ಎದ್ದಕೂಡ್ಲೆ ಬೇಕಾಗ್ತದಲೇ" ಎಂದ.

ಬೆಂಚಿನ ಮೇಲೆ ಸರಿದು ಜಾಗ ಮಾಡಿ, ಇನ್ನೆರಡು ಚಹಾ ಹೇಳಿದೆ.